ಸರ್ಜಿಕಲ್ ವಾರ್ಡಿನ ಮೂರು ಬಕೆಟ್

ಕಳೆದ ಮಳೆಗಾಲ, ಆಟಿ ತಿಂಗಳಲ್ಲಿ ಅಪ್ಪನ ಕಾಲಿಗೆ ಆಪರೇಷನ್ ಆಯಿತು. ತೋಟದಲ್ಲಿ ಏನೋ ಚುಚ್ಚಿತ್ತು. ಸಕ್ಕರೆ ಕಾಯಿಲೆಯಿಂದ ಪಾದದ ನರ ಸೋತಿದ್ದರಿಂದ ನೋವೇ ಗೊತ್ತಾಗಿರಲಿಲ್ಲ. ಹುಣ್ಣು ಕೀವು ತುಂಬಿದ ಮೇಲೆಯೇ ಬದಿಯಡ್ಕದಿಂದ ಕಾಸರಗೋಡಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಬೈಸ್ಟ್ಯಾಂಡರ್ ಪಾಸ್ ಹಿಡಿದು ಅವರ ಜೊತೆ ಉಳಿದದ್ದು ನಾನು.

"ಆಪರೇಷನ್ ಚೆನ್ನಾಗಿ ಆಗಿದೆ. ಇನ್ನು ಹೊಸ ಇನ್ಫೆಕ್ಷನ್ ಸೇರದಂತೆ ನೋಡಿಕೊಳ್ಳಬೇಕು" ಎಂದರು ಡಾಕ್ಟರು. ಆ "ನೋಡಿಕೊಳ್ಳುವುದು" ನಿಜವಾಗಿ ಯಾರ ಕೈಯಲ್ಲಿದೆ ಎಂದು ಮರುದಿನ ಬೆಳಿಗ್ಗೆ ಕಂಡೆ.

ಇನ್ನೂ ಬೆಳಕು ಹರಿದಿರಲಿಲ್ಲ. ಕ್ಲೀನಿಂಗ್ ಅಕ್ಕ ಗಾಡಿ ತಳ್ಳಿಕೊಂಡು ಬಂದರು. ಅದರಲ್ಲಿ ಮೂರು ಬಕೆಟ್. ಒಂದರಲ್ಲಿ ಸೋಪಿನ ನೀರು, ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಹೈಪೋಕ್ಲೋರೈಟ್, ಅಂದರೆ ರೋಗಾಣು ಕೊಲ್ಲುವ ಕ್ಲೋರಿನ್ ದ್ರಾವಣ. ಪೊರಕೆ ಮಾತ್ರ ಇಲ್ಲ. ಸಿಸ್ಟರ್ ಜೊತೆ ಮಲಯಾಳ, ನನ್ನ ಜೊತೆ ತುಳು ಮಾತಾಡುತ್ತಿದ್ದ ಅವರನ್ನು ಕೇಳಿದೆ. "ಒಣ ಪೊರಕೆಯಲ್ಲಿ ಗುಡಿಸಿದರೆ ಧೂಳು ಏಳುತ್ತದೆ. ಎದ್ದ ಧೂಳು ಎಲ್ಲಿ ಕೂರುತ್ತದೆ? ಇವರ ಗಾಯದ ಮೇಲೆ ಅಲ್ವಾ?" ಎಂದರು.

ಮೊದಲು ಸೋಪಿನ ನೀರಲ್ಲಿ ಕೊಳೆ ತೆಗೆಯಬೇಕು. ರಕ್ತ, ಕೀವು, ಮಣ್ಣು ಇದ್ದ ಕಡೆ ಕ್ಲೋರಿನ್ ಹಾಕಿದರೆ ಅದರ ಶಕ್ತಿ ಕೊಳೆಯ ಮೇಲೆಯೇ ಖರ್ಚಾಗುತ್ತದೆ, ರೋಗಾಣು ಉಳಿಯುತ್ತದೆ. ಅದಕ್ಕೇ ಆ ಕ್ರಮ. ವಾರ್ಡಿನ ಒಳಗಿನ ಮೂಲೆಯಿಂದ ಬಾಗಿಲ ಕಡೆಗೆ ಬಂದರು. ಟಾಯ್ಲೆಟ್ ಕೊನೆಗೆ, ಅದಕ್ಕೆ ಮಾಪ್ ಬೇರೆ. ಹೈಪೋಕ್ಲೋರೈಟ್ ದ್ರಾವಣವನ್ನು ದಿನಾ ಹೊಸದಾಗಿ ಕಲಸಬೇಕು, ನಿನ್ನೆಯದಕ್ಕೆ ಬಲ ಇರುವುದಿಲ್ಲ. ಟಾಯ್ಲೆಟ್ ತೊಳೆಯುವ ಆಸಿಡ್ ಅದಕ್ಕೆ ತಾಗಲೇಬಾರದು, ತಾಗಿದರೆ ವಿಷದ ಗಾಳಿ ಏಳುತ್ತದೆ. ಇದು ಮನೆಯಲ್ಲಿ ಬ್ಲೀಚಿಂಗ್ ಪೌಡರ್ ಬಳಸುವವರಿಗೂ ಗೊತ್ತಿರಬೇಕಾದ ಸಂಗತಿ.

ಪಕ್ಕದ ಬೆಡ್ಡಿನವರ ಡ್ರೆಸ್ಸಿಂಗ್ ಆಗುವಾಗ ನೆಲಕ್ಕೆ ರಕ್ತ ಬಿತ್ತು. ಅಕ್ಕ ಅದರ ಮೇಲೆ ಹೀರುವ ಬಟ್ಟೆ ಹಾಕಿ, ಹೈಪೋಕ್ಲೋರೈಟ್ ಸುರಿದು, ಸುಮ್ಮನೆ ನಿಂತರು. ಹತ್ತು ನಿಮಿಷ. ಒಬ್ಬರು ದಾಟಿಕೊಂಡು ಹೋಗಲು ನೋಡಿದರೆ ಕೈ ಅಡ್ಡ ಹಿಡಿದರು. "ಒರೆಸಿ ಬಿಡಬಾರದಾ?" ಎಂದು ಅವರು ಗೊಣಗಿದರು. "ಮದ್ದು ಕೆಲಸ ಮಾಡಲು ಬಿಡಬೇಕು" ಎಂದರು ಅಕ್ಕ. ನೋಡುವವರಿಗೆ ಅವರು ಕೆಲಸ ಬಿಟ್ಟು ನಿಂತ ಹಾಗೆ ಕಾಣುತ್ತಿತ್ತು. ಅದೇ ಅವರ ಕೆಲಸ.

1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮ್ಮೆಲ್ವೈಸ್ ಎಂಬ ಡಾಕ್ಟರು ಎಲ್ಲರೂ ಕ್ಲೋರಿನ್ ಸುಣ್ಣದ ನೀರಲ್ಲಿ ಕೈ ತೊಳೆಯಲೇಬೇಕು ಎಂದು ಹಟ ಹಿಡಿದಿದ್ದರು. ಆ ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟು ತಾಯಂದಿರು ಸಾಯುತ್ತಿದ್ದ ಜಾಗದಲ್ಲಿ ಜೂನ್ ಹೊತ್ತಿಗೆ ಸಾವು ಎರಡರ ಹತ್ತಿರಕ್ಕೆ ಇಳಿಯಿತು. ಅಕ್ಕನ ಮೂರನೇ ಬಕೆಟ್‌ನಲ್ಲಿರುವುದೂ ಅದೇ ಕ್ಲೋರಿನ್. ಆದರೂ ಡಿಸ್ಚಾರ್ಜ್ ಆಗುವಾಗ ನಾವು ಡಾಕ್ಟರಿಗೆ, ಸಿಸ್ಟರಿಗೆ ಕೈಮುಗಿದು ಹೊರಡುತ್ತೇವೆ. ಗಾಡಿ ತಳ್ಳುವವರ ಮುಖ ಎಷ್ಟು ಜನರಿಗೆ ನೆನಪಿರುತ್ತದೆ?

ಸಂಜೆ ವಿಸಿಟಿಂಗ್ ಹೊತ್ತು ನೋಡಿ ನನಗೆ ಸಿಟ್ಟೇ ಬಂತು. ಹೊರಗೆ ಜಡಿಮಳೆ. ಕೆಂಪು ಕೆಸರಿನ ಚಪ್ಪಲಿಯಲ್ಲೇ ಜನ ಒಳಗೆ ಬಂದರು. ಒಂದು ಬೆಡ್ಡಿನ ಮೇಲೆ ನಾಲ್ವರು ಕೂತರು. ಗಂಜಿಯ ಕ್ಯಾರಿಯರ್ ರೋಗಿಯ ಕಾಲ ಬಳಿ. ಒಬ್ಬರು ಒದ್ದೆ ಕೊಡೆಯನ್ನು ಡ್ರಿಪ್ ಸ್ಟ್ಯಾಂಡಿಗೆ ತೂಗುಹಾಕಿದರು! ಅದನ್ನು ನಾನೇ ತೆಗೆಸಿದೆ. ಪ್ರೀತಿಯಿಂದ ಬಂದವರೇ, ಇಲ್ಲ ಎನ್ನುವುದಿಲ್ಲ. ಆದರೆ ಬೆಡ್ಡಿನ ಕಂಬಿ, ಸ್ವಿಚ್ಚು, ನಲ್ಲಿ, ಬಾಗಿಲ ಹಿಡಿ, ಎಲ್ಲರ ಕೈ ತಾಗುವ ಜಾಗಗಳು ಇವೇ. ಕೆಲವು ರೋಗಾಣುಗಳು ಒಣಗಿದ ಜಾಗದಲ್ಲೂ ವಾರಗಟ್ಟಲೆ ಬದುಕುತ್ತವೆ. ಮುಂದೆ ಅವನ್ನು ಗಾಯಕ್ಕೆ ಒಯ್ಯುವುದು ಹೆಚ್ಚಾಗಿ ನಮ್ಮ ಕೈಗಳೇ. ಜನ ಹೋದ ಮೇಲೆ ಅಕ್ಕ ಇಡೀ ವಾರ್ಡು ಮತ್ತೆ ಒರೆಸಿದರು.

ಕಸದ ಡಬ್ಬಿಗಳ ಮೇಲೆ ಬರೆದದ್ದೆಲ್ಲ ಮಲಯಾಳದಲ್ಲಿತ್ತು. ಪೆರ್ಲ, ಮಂಜೇಶ್ವರ ಕಡೆಯಿಂದ ಬಂದ ಎಷ್ಟೋ ಹಿರಿಯರಿಗೆ ಅದು ಓದಲು ಬರುವುದಿಲ್ಲ. ಡ್ರೆಸ್ಸಿಂಗಿನ ಹತ್ತಿ ಹಾಕುವ ಹಳದಿ ಡಬ್ಬಿಗೆ ಬಾಳೆಹಣ್ಣಿನ ಸಿಪ್ಪೆ ಬೀಳುತ್ತಿತ್ತು. ಸಿಸ್ಟರನ್ನು ಕೇಳಿ ಕನ್ನಡದಲ್ಲಿ ಬರೆದು ಅಂಟಿಸಿದೆ. ಡ್ರಿಪ್ ಟ್ಯೂಬು ಕೆಂಪಿಗೆ, ಗಾಜು ನೀಲಿಗೆ, ಸೂಜಿ ಚುಚ್ಚಿ ಹೊರಬರದ ಗಟ್ಟಿ ಬಿಳಿ ಡಬ್ಬಿಗೆ, ಊಟದ ಕಸ ಇದ್ಯಾವುದಕ್ಕೂ ಅಲ್ಲ.

ಅಂಟಿಸುವಾಗ ಅಕ್ಕ ತಮ್ಮ ಬೆರಳು ತೋರಿಸಿದರು. ಹಿಂದೆ ಒಮ್ಮೆ ಯಾರೋ ಹಳದಿ ಚೀಲಕ್ಕೆ ಹಾಕಿದ್ದ ಸೂಜಿ ಗ್ಲೌಸ್ ದಾಟಿ ಚುಚ್ಚಿತ್ತಂತೆ. ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆದು, ಕೂಡಲೇ ಕ್ಯಾಶುವಾಲಿಟಿಗೆ ಓಡಿದ್ದರು. ಎಚ್‌ಐವಿ ಭಯಕ್ಕೆ ಮಾತ್ರೆ ಶುರು ಮಾಡುವುದಿದ್ದರೆ 72 ಗಂಟೆಯೊಳಗೆ ಆಗಬೇಕು, ಬೇಗ ಆದಷ್ಟೂ ಒಳ್ಳೆಯದು. ಪರೀಕ್ಷೆಗಳಲ್ಲಿ ಏನೂ ಬರಲಿಲ್ಲ. ಆದರೆ ರಿಸಲ್ಟ್ ಬರುವವರೆಗೆ ಮನೆಯಲ್ಲಿ ಮಗುವನ್ನು ಎತ್ತಿಕೊಳ್ಳಲೂ ಹೆದರುತ್ತಿದ್ದೆ ಎಂದರು.

"ಹೆಪಟೈಟಿಸ್ ಬಿ ಲಸಿಕೆ ಆಗಿದೆಯಾ?" ಎಂದು ಕೇಳಿದೆ. ಇಂಥ ಸೂಜಿಯಿಂದ, ರಕ್ತದ ಮೂಲಕ ಹರಡಬಲ್ಲ ಲಿವರ್ ಕಾಯಿಲೆ ಅದು. ಎರಡು ಡೋಸ್ ಆಗಿತ್ತು. ಮೂರನೆಯದರ ಹೊತ್ತಿಗೆ ಗುತ್ತಿಗೆದಾರರು ಬದಲಾದರು, ಮತ್ತೆ ಯಾರೂ ಕರೆಯಲಿಲ್ಲ. ಆಸ್ಪತ್ರೆ ಕಸ ಮುಟ್ಟುವ ಪ್ರತಿಯೊಬ್ಬರಿಗೂ ಈ ಲಸಿಕೆ ಕೊಡಿಸಬೇಕು ಎಂದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಲ್ಲಿ ಸ್ಪಷ್ಟವಾಗಿದೆ. ಗುತ್ತಿಗೆಯವರು ಎಂದು ಬಿಡುವ ಹಾಗಿಲ್ಲ.

ಅವರ ಒಪ್ಪಿಗೆ ಕೇಳಿಯೇ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಹೋದೆ. ಮೊದಲಿನಿಂದ ಶುರು ಮಾಡಬೇಕಿಲ್ಲ, ಬಾಕಿ ಇರುವ ಒಂದು ಡೋಸ್ ಕೊಟ್ಟರೆ ಸಾಕು ಎಂದು ಅವರು ಹೆಸರು ಬರೆದುಕೊಂಡರು. ಗುತ್ತಿಗೆಯಲ್ಲಿರುವ ಇನ್ನುಳಿದವರ ಡೋಸ್‌ಗಳನ್ನೂ ಪರಿಶೀಲಿಸಬೇಕು, ಕಸ ಎತ್ತುವವರಿಗೆ ದಪ್ಪ ರಬ್ಬರಿನ ಗ್ಲೌಸ್ ಕೊಡಬೇಕು ಎಂದು ನಾನು ಸೂಪರಿಂಟೆಂಡೆಂಟ್ ಆಫೀಸಿಗೆ ಅರ್ಜಿ ಬರೆದು ಕೊಟ್ಟೆ. ಅಪ್ಪನ ಸಹಿಯನ್ನೂ ಹಾಕಿಸಿದೆ.