ಬಾವುಟಕ್ಕೆ 27 ಸೆಂ.ಮೀ., ಚಕ್ರಕ್ಕೆ 12 ಮಡಿಕೆ

ಆಗಸ್ಟ್ ಬಂತೆಂದರೆ ಕಾಸರಗೋಡಿನ ಕನ್ನಡ ಶಾಲೆಗಳ ಗೋಡೆಯಲ್ಲಿ ಹುಲಿ, ನವಿಲು, ತಾವರೆ ಎಂದು ರಾಷ್ಟ್ರೀಯ ಸಂಕೇತಗಳ ಚಾರ್ಟು. ಹೆಸರೆಲ್ಲ ಬಾಯಿಪಾಠವಿರುವ ಮಕ್ಕಳೇ ಬಾವುಟ ಬಿಡಿಸುವಾಗ ಚಕ್ರಕ್ಕೆ ಎಂಟು ಗೆರೆ ಎಳೆದು ಕೊಡುತ್ತಾರೆ. ಚಾರ್ಟು ಆಮೇಲೆ ನೋಡೋಣ, ಬಾವುಟ ಮಾಡಿಸಿ.

ಉದ್ದ–ಎತ್ತರ 3:2. ಹಾಗೆಂದು 30×20 ಹೇಳಿದರೆ ಕೆಟ್ಟಿತು. 20 ಮೂರರಿಂದ ಭಾಗವಾಗುವುದಿಲ್ಲ, ಕೊನೆಗೆ ಹಸಿರು ಪಟ್ಟಿ ಸಪೂರ. 27×18 ಹೇಳಿ. ಎ4 ಹಾಳೆಯಲ್ಲೇ ಕೂರುತ್ತದೆ, ಪಟ್ಟಿ ಒಂದಕ್ಕೆ ಸರಿಯಾಗಿ 6 ಸೆಂ.ಮೀ.

ಚಕ್ರವನ್ನು ಬೇರೆ ಕಾಗದದಲ್ಲಿ ಮಾಡಬೇಕು. ಕೈವಾರ 2.75 ಸೆಂ.ಮೀ.ಗೆ ಹಿಡಿದು ವೃತ್ತ ಎಳೆಯಿರಿ. ಅದೇ ಅಳತೆಯಲ್ಲಿ ಅಂಚಿನುದ್ದಕ್ಕೂ ಗುರುತು ಹಾಕುತ್ತ ಹೋದರೆ ಆರು ಬಿಂದು. ಕತ್ತರಿಸಿ, ಎದುರುಬದುರು ಬಿಂದುಗಳ ಮೇಲೆ ಮೂರು ಸಲ ಮಡಿಸಿ. ಆಮೇಲೆ ಪಕ್ಕಪಕ್ಕದ ಬಿಂದುಗಳು ಒಂದರ ಮೇಲೊಂದು ಕೂರುವಂತೆ ಮೂರು ಸಲ. ಪಕ್ಕಪಕ್ಕದ ಮಡಿಕೆಗಳ ನಡುವೆ ಇನ್ನಾರು ಸಲ. 12 ಮಡಿಕೆ, 24 ಅರ. ಗೆರೆಗಳನ್ನು ಕಡುನೀಲಿ ಪೆನ್ನಿನಲ್ಲೇ ಎಳೆಯಿರಿ, ಕ್ರೆಯಾನ್ ದಪ್ಪವಾಗಿ ನಡುವೆಲ್ಲ ಮುದ್ದೆಯಾಗುತ್ತದೆ. ಒಂದು–ಎರಡನೇ ತರಗತಿಗೆ ಇದು ಹೆಚ್ಚಾಯಿತು, ಚಕ್ರ ಮಾಡಿಯೇ ಕೊಡಿ. ಕೋಲಿಗೆ ಅಂಟಿಸುವುದಾದರೆ ಹಿಂಬದಿಗೂ ಒಂದು ಬೇಕು.

ಅರ್ಥ ಹೇಳುವುದು ಮಡಿಸುವ ಹೊತ್ತಿಗೇ. 1947ರ ಜುಲೈ 22ರಂದು ಸಂವಿಧಾನ ಸಭೆ ಈ ಬಾವುಟವನ್ನು ಒಪ್ಪಿದಾಗ ಮೊದಲಿದ್ದ ಚರಕದ ಜಾಗಕ್ಕೆ ಅಶೋಕನ ಚಕ್ರ ಬಂತು. ಕೇಸರಿ ತ್ಯಾಗ, ಬಿಳಿ ಸತ್ಯದ ಬೆಳಕು, ಹಸಿರು ಮಣ್ಣಿನೊಡನೆ ನಮ್ಮ ನಂಟು, ಚಕ್ರ ಧರ್ಮ ಮತ್ತು ಚಲನೆ ಎಂದು ರಾಧಾಕೃಷ್ಣನ್ ಅಲ್ಲೇ ವಿವರಿಸಿದ್ದರು. ಬಣ್ಣಕ್ಕೊಂದು ಮತ ಹೊಂದಿಸಿ ಹೇಳುವ ಅಭ್ಯಾಸ ಬಿಡುವುದೇ ಒಳ್ಳೆಯದು.

ರಾಷ್ಟ್ರಲಾಂಛನಕ್ಕೆ ಒಂದು ರೂಪಾಯಿ ನಾಣ್ಯ ಸಾಕು. ಸವೆದದ್ದು ಬೇಡ. ಮೂರು ಸಿಂಹ ಎಣಿಸಲಿ, ನಾಲ್ಕನೆಯದು ಎಲ್ಲಿ ಎಂದು ಕೇಳಿ. ನಾಲ್ಕು ಮಕ್ಕಳನ್ನು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿದರೆ ಉತ್ತರ ತಾನೇ ಬರುತ್ತದೆ.

ಜಿಲ್ಲೆಗೂ ಸ್ವಂತ ಲಾಂಛನಗಳಿವೆ: ಕಾಸರಕ ಮರ, ಬಿಳಿಹೊಟ್ಟೆಯ ಕಡಲ ಹದ್ದು. ಕಾಸರಕದ ಎಲೆ ತರಗತಿಗೆ ತನ್ನಿ, ಕಾಯಿ ಬೇಡ; ಬೀಜ ಕಡುವಿಷ.

ಕೊನೆಗೆ ಹತ್ತರ ನೋಟಿನ ಭಾಷಾಪಟ್ಟಿ. ಕನ್ನಡ ನಾಲ್ಕನೆಯದು, ಕೊಂಕಣಿ ಆರನೆಯದು, ಮಲಯಾಳ ಏಳನೆಯದು. ತುಳು ಎಲ್ಲಿ ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂದೇ ಬರುತ್ತದೆ. ಭಾಷೆಗಳನ್ನು ಪಟ್ಟಿಮಾಡಿರುವ ಸಂವಿಧಾನದ ಎಂಟನೇ ಪರಿಚ್ಛೇದದ ಪಾಠ ಅಲ್ಲಿಂದಲೇ ಶುರುಮಾಡಿ.