ಧನುರ್ಮಾಸದ ಎರಡು ಬಕೆಟ್ ನೀರು

ಮಂಗಳವಾರ ರಾತ್ರಿ ಬಚ್ಚಲುಮನೆ ಬಲ್ಬ್ ಹೋಯಿತು. ಒಂಬತ್ತೂವರೆ ಆಗಿತ್ತು, ಅಂಗಡಿ ಮುಚ್ಚಿಬಿಟ್ಟಾರು ಅಂತ ಚಪ್ಪಲಿ ಮೆಟ್ಟಿ ಓಡಿದೆ. ಚಾಮರಾಜಪೇಟೆಯ ಆ ಎಲೆಕ್ಟ್ರಿಕಲ್ ಅಂಗಡಿಯವರು ನನಗೆ ಬಹಳ ವರ್ಷದ ಪರಿಚಯ. ಡೂಪ್ಲಿಕೇಟ್ ವೈರು ಮಾರುವವರಲ್ಲ, ಚಿಲ್ಲರೆ ಬದಲು ಚಾಕ್ಲೇಟು ತುರುಕುವವರೂ ಅಲ್ಲ. ಬಲ್ಬ್ ಉರಿಸಿ ತೋರಿಸಿ ಕೈಗಿಟ್ಟರು, ಶಟರ್ ಎಳೆದರು. ಅಷ್ಟರಲ್ಲಿ ಅಂಗಡಿ ಹುಡುಗ ಎರಡು ಬಕೆಟ್ ನೀರು ತಂದ. ಮುಂದಿನ ಕಟ್ಟೆ ತೊಳೆಯುತ್ತಾನೆ ಅಂದುಕೊಂಡೆ. ಪೊರಕೆ ಮುಟ್ಟಲೇ ಇಲ್ಲ. ಒಂದನ್ನು ಹಾಗೇ ಸುರಿದ, ಇನ್ನೊಂದರಲ್ಲಿ ಚೊಂಬು ಅದ್ದಿ ಗೋಡೆ ಕಟ್ಟೆ ಸೇರುವ ಮೂಲೆಗಳಿಗೆಲ್ಲ ಎರಚಿದ. ಒಂದಂಗೈ ಜಾಗವೂ ಒಣಗಿ ಉಳಿಯಬಾರದು, ಹಾಗೆ.

ಕರೆಂಟ್ ಕಂಬದ ಪಕ್ಕ ಒಬ್ಬರು ನಿಂತಿದ್ದರು. ಐವತ್ತರ ಆಸುಪಾಸು, ಕಿವಿ ಮುಚ್ಚುವ ಹಾಗೆ ಟವೆಲ್ ಸುತ್ತಿದ್ದರು, ಕಂಕುಳಲ್ಲಿ ಟಿವಿ ಡಬ್ಬದ ಮಡಚಿದ ರಟ್ಟು. ಸುಮ್ಮನೆ ನೋಡುತ್ತಿದ್ದರು.

"ಯಾಕ್ರೀ ನೀರು?" ಅಂತ ಅಂಗಡಿಯವರನ್ನು ಕೇಳಿದೆ.

"ಬಂದು ಮಲಗ್ತಾರೆ ಸಾರ್. ಬೈದು ಓಡಿಸೋದಕ್ಕಿಂತ ಇದು ವಾಸಿ ಅಲ್ವಾ? ಜಗಳ ಇಲ್ಲ, ಮಾತಿಲ್ಲ." ಸ್ಕೂಟರ್ ಹತ್ತಿ ಹೋದರು.

ಉಳಿದದ್ದು ನಾವಿಬ್ಬರು. ಏನು ಮಾತಾಡಬೇಕೋ ತೋಚದೆ, "ಈಗೇನ್ಮಾಡ್ತೀರಿ?" ಅಂತ ಕೇಳಿದೆ.

"ನೀರಲ್ರೀ ಸರ, ಆರ್ತೈತಿ," ಅಂದರು. ಆಮೇಲೆ ನನಗೆ ಮಾಹಿತಿ ಬೇಕಾಗಿದೆ ಅನ್ನುವ ಹಾಗೆ, "ಬ್ಯಾಸಿಗ್ಯಾಗ ಅರ್ಧ ತಾಸು ಸಾಕ್ರೀ. ಈಗ ಥಂಡಿ, ಸ್ವಲ್ಪ ತಡ ಆಗ್ತೈತಿ."

ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಅಂತ ಹೇಳುವ ದನಿ. ಸಿಟ್ಟು ಇಲ್ಲ, ದೈನ್ಯವೂ ಇಲ್ಲ. ಒಂದು ಬೈಗುಳ ಬಂದಿದ್ದರೆ ಅಂಗಡಿಯವರ ಪರವೋ ಇವರ ಪರವೋ ನಿಂತು ನಾನು ಮನೆಗೆ ಹೋಗಿ ನಿದ್ದೆ ಮಾಡಿರುತ್ತಿದ್ದೆ. "ಆರ್ತೈತಿ" ಅಂದುಬಿಟ್ಟರು, ಈ ವಾರವೆಲ್ಲ ಅದೇ ಕಿವಿಯಲ್ಲಿದೆ.

ಕಟ್ಟೆ ಒಣಗುವವರೆಗೂ ಅವರಿಗೆ ಬೇರೆ ಕೆಲಸವಿರಲಿಲ್ಲ, ಹಾಗಾಗಿ ಮಾತಾಡಿದರು. ರಾಯಚೂರು ಜಿಲ್ಲೆ, ಲಿಂಗಸುಗೂರಿನ ಕಡೆಯವರು. ಮೊದಲು ಗುಳೆ ಬಂದದ್ದು ಕಟ್ಟಡದ ಕೆಲಸಕ್ಕೆ. ಸೆಂಟ್ರಿಂಗ್ ಹಲಗೆ ಬಿದ್ದು ಭುಜಕ್ಕೆ ಪೆಟ್ಟಾದ ಮೇಲೆ ಭಾರ ಎತ್ತಲಾಗದೆ ಕ್ಯಾಟರಿಂಗ್ ಸೇರಿದ್ದಾರೆ. ಎಲೆ ಹಾಕುವುದು, ಬಡಿಸುವುದು, ಎಲೆ ಎತ್ತುವುದು. ದಿನಗೂಲಿ, ಮೇಲೆ ಊಟ. ರಿಸೆಪ್ಷನ್ ಊಟ ಮುಗಿಸಿ ಪಾತ್ರೆ ಲಾರಿಗೆ ಏರಿಸುವಷ್ಟರಲ್ಲಿ ರಾತ್ರಿ ಹನ್ನೆರಡು. ಮೇಸ್ತ್ರಿ ಲೆಕ್ಕ ಕೊಟ್ಟು ಮಂಟಪದ ಗೇಟಿನಿಂದ ಆಚೆ ಕಳಿಸುತ್ತಾನೆ.

"ಹಂಗಾರ ಊರಲ್ಲಿ ಮನೆ?" ನಾನೂ ಅವರ ಮಾತಿಗೆ ವಾಲಿಕೊಂಡು ಕೇಳಿದೆ.

"ಐತ್ರೀ. ಮನಿ ಊರಾಗ ಐತಿ, ಕೆಲ್ಸ ಇಲ್ಲೈತಿ."

ನಾನು ನಿರೀಕ್ಷಿಸಿದ್ದ ಉತ್ತರ ಇದಲ್ಲ. ಹೆಂಡತಿ ಸತ್ತಳು, ಮಗ ಹೊರಗೆ ಹಾಕಿದ, ಸಾಲದವರು ಹೊಲ ಬರೆಸಿಕೊಂಡರು, ಹೀಗೆ ಒಂದು ಕಥೆ ಇರುತ್ತದೆ ಅಂದುಕೊಂಡಿದ್ದೆ. ಬೀದಿಯಲ್ಲಿ ಮಲಗಿದವರ ಬಗ್ಗೆ ಮರುಗುವ ಮುಂಚೆ ನಮಗೆ ಅಂಥದ್ದೊಂದು ಕಥೆ ಬೇಕೇ ಬೇಕು. ಕಥೆ ಸಾಕಷ್ಟು ದುಃಖದ್ದಾಗಿದ್ದರೆ ಪಾಸು. ಮನೆ ಇದೆ, ದುಡಿಯುತ್ತೇನೆ, ಆದರೂ ಇಲ್ಲಿ ಮಲಗುತ್ತೇನೆ ಅನ್ನುವವರನ್ನು ಯಾವ ಲೆಕ್ಕಕ್ಕೆ ಹಾಕುವುದು?

ರೂಮು ಯಾಕೆ ಮಾಡಿಲ್ಲ ಅಂದದ್ದಕ್ಕೆ ನಕ್ಕರು. ಬೆಂಗಳೂರಲ್ಲಿ ಶೀಟಿನ ಮನೆಗೂ ಅಡ್ವಾನ್ಸ್ ಇದೆ. ಒಂಟಿ ಗಂಡಸು ಅಂದರೆ ಬಾಗಿಲಲ್ಲೇ ಆಗಲ್ಲ ಅನ್ನುತ್ತಾರೆ. ನಾಲ್ಕೈದು ಜನ ಸೇರಿ ಹಿಡಿಯಬಹುದು, ಹಿಡಿದೂ ಇದ್ದರಂತೆ. "ಆಷಾಢದಾಗ ಲಗ್ನ ಇಲ್ಲ, ಧನುರ್ಮಾಸದಾಗ ಲಗ್ನ ಇಲ್ಲ. ಆ ತಿಂಗ್ಳ ಬಾಡ್ಗಿ ಬಿಡ್ತಾರೇನ್ರೀ?" ನಾನು ಹುಟ್ಟಿದಾಗಿನಿಂದ ಪಂಚಾಂಗ ನೋಡುವ ಮನೆಯವನು. ಆಷಾಢಕ್ಕೆ ಸೀರೆ ಅಂಗಡಿ ಡಿಸ್ಕೌಂಟ್ ಬಿಟ್ಟರೆ ಇನ್ನೇನಾಗುತ್ತದೆ ಅಂತ ಯೋಚಿಸಿರಲಿಲ್ಲ.

ಮಾರನೇ ದಿನ ಭಾವನಿಗೆ ಹೇಳಿದೆ. ಭಾವ ಒಳ್ಳೆಯವರೇ, ಪೇಪರ್ ಓದಿದ ಮೇಲೆ ಒಂದು ಗಂಟೆ ಯಾರಿಗೂ ಮಾತಾಡಲು ಬಿಡುವುದಿಲ್ಲ ಅಷ್ಟೆ. "ಕುಡಿಯೋಕೆ ದುಡ್ಡಿರುತ್ತೆ, ರೂಮಿಗೆ ಇರಲ್ಲ. ಸೋಮಾರಿಗಳು," ಅಂದರು. ಕುಡಿಯುವವರು ಇಲ್ಲ ಅಂತ ನಾನೂ ಹೇಳಲಾರೆ, ಮಾರ್ಕೆಟ್ ಫ್ಲೈಓವರ್ ಕೆಳಗೆ ಹೋದರೆ ಕಾಣುತ್ತಾರೆ. ಮಾನಸಿಕ ಕಾಯಿಲೆಯಿಂದ ಊರು ಮರೆತು ಅಲೆಯುವವರೂ ಅಲ್ಲಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಅಂಥವರನ್ನು ಪೊಲೀಸರು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸಬೇಕು. ಆದರೆ ಇಡೀ ದಿನ ನಿಂತೇ ದುಡಿಯುವವನನ್ನು ಸೋಮಾರಿ ಅನ್ನುವುದು ಹೇಗೆ? ಹೋದ ವರ್ಷ ಭಾವನ ಮಗಳ ಮದುವೆಯಲ್ಲಿ ಹೋಳಿಗೆಗೆ ಎರಡನೇ ಸಲ ತುಪ್ಪ ಹಾಕಿದವರು ಎಲ್ಲಿ ಮಲಗಿದರೋ ಯಾರು ಕೇಳಿದರು?

"ಸರ್ಕಾರ ಕೇಂದ್ರ ಮಾಡಿದೆಯಲ್ಲ, ಹೋಗಲಿ" ಎಂಬುದು ಭಾವನ ಮುಂದಿನ ಮಾತು. ಮಾಡಬೇಕಿತ್ತು, ನಿಜ. ಒಂದು ಲಕ್ಷ ಜನಸಂಖ್ಯೆಗೆ ಒಂದರಂತೆ, ವರ್ಷವಿಡೀ ಹಗಲೂ ರಾತ್ರಿ ತೆರೆದಿರುವ ಆಶ್ರಯ ಕೇಂದ್ರ ಇರಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2010ರಲ್ಲಿ, ಆಹಾರದ ಹಕ್ಕಿನ ಪ್ರಕರಣದಲ್ಲಿ. 2011ರ ಗಣತಿಯಲ್ಲೇ ಬೆಂಗಳೂರು ಪಾಲಿಕೆಯ ಜನಸಂಖ್ಯೆ 84 ಲಕ್ಷ. ಆ ಲೆಕ್ಕಕ್ಕೆ 84 ಕೇಂದ್ರ ಬೇಕು. ವರ್ಷಗಟ್ಟಲೆ ಇಲ್ಲಿದ್ದದ್ದು ಬೆರಳೆಣಿಕೆ. ಲಿಂಗಸುಗೂರಿನವರು ಒಂದು ಕಡೆ ಹೋಗಿಯೂ ಬಂದಿದ್ದಾರೆ. ಕೆಲಸ ಮುಗಿಸಿ ತಲುಪುವಷ್ಟರಲ್ಲಿ ಬಾಗಿಲು ಹಾಕಿ ಮಲಗಿರುತ್ತಾರಂತೆ, ತಟ್ಟಿದರೆ ಬೈಗುಳ.

ಅವರಿಗೆ ನಿಜವಾದ ಭಯ ಇರುವುದು ಇನ್ನೊಂದು ಕಡೆಯದು, ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರ. ಎಲ್ಲರ ಬಾಯಲ್ಲಿ ಅದು ಬೆಗ್ಗರ್ಸ್ ಕಾಲೊನಿ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ವ್ಯಾನು ಬಂದು ಎತ್ತಿಕೊಂಡು ಹೋಗುತ್ತದೆ. ರಟ್ಟಿನ ಮೇಲೆ ಮಲಗಿದವನು ಬೇಡುವವನೋ ಬಡಿಸಿ ಬಂದವನೋ ಅಂತ ಮಧ್ಯರಾತ್ರಿ ಯಾರು ವಿಚಾರಿಸುತ್ತಾರೆ? 2010ರ ಆಗಸ್ಟಿನಲ್ಲಿ ಅಲ್ಲಿ ಕೆಲವೇ ದಿನಗಳಲ್ಲಿ ಸಾಲುಸಾಲಾಗಿ ಜನ ಸತ್ತದ್ದು ಓದುಗರಲ್ಲಿ ಹಲವರಿಗೆ ನೆನಪಿರಬಹುದು. ಇವರು ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಳಂಗಿಯ ಜೇಬಿಗೆ ಪಿನ್ನು ಹಾಕಿ ಇಟ್ಟುಕೊಂಡಿದ್ದಾರೆ. ತೆಗೆದು ತೋರಿಸಿದರು, ನಾನು ಕೇಳಿರಲಿಲ್ಲ.

ಭಾವನ ಮನೆಯ ಆಸ್ತಿ ತೆರಿಗೆ ರಸೀದಿ ಕಪಾಟಿನಲ್ಲೇ ಇತ್ತು. ತೆಗೆಸಿ, ತೆರಿಗೆಯ ಮೇಲೆ ಶೇ 3ರಷ್ಟು ಭಿಕ್ಷುಕರ ಕರ ಅಂತ ಕೂಡಿಸಿದ್ದನ್ನು ತೋರಿಸಿದೆ. ಇಷ್ಟು ವರ್ಷ ಕಟ್ಟಿದ್ದಾರೆ, ಒಮ್ಮೆಯೂ ಗಮನಿಸಿಲ್ಲ. "ಕಟ್ಟಿದ್ದೀನಲ್ಲ, ಮತ್ತೆ ಅವರು ಯಾಕೆ ಬೀದೀಲಿದಾರೆ?" ಅಂದರು. ಪ್ರಶ್ನೆಯೇನೋ ಸರಿಯಾದದ್ದೇ, ಆದರೆ ಅದನ್ನು ನನಗೆ ಕೇಳಿದರು.

2011ರ ಫೆಬ್ರವರಿ 28ರ ರಾತ್ರಿ ಗಣತಿಯವರು ದೇಶದಲ್ಲಿ ಎಣಿಸಿದ ವಸತಿರಹಿತರು 17.7 ಲಕ್ಷ. ಫುಟ್‌ಪಾತು, ಪ್ಲಾಟ್‌ಫಾರ್ಮು, ದೇವಸ್ಥಾನದ ಮಂಟಪ, ಚರಂಡಿ ಪೈಪು ಎಲ್ಲ ಹುಡುಕಿದ್ದರು. ಆ ಹೊತ್ತಿಗೆ ಯಾವುದೋ ಛತ್ರದಲ್ಲಿ ಎಲೆ ಎತ್ತುತ್ತಿದ್ದವರು ಲೆಕ್ಕಕ್ಕೆ ಸಿಕ್ಕಿರುತ್ತಾರೆ ಅಂತ ನನಗನ್ನಿಸುವುದಿಲ್ಲ.

ಛತ್ರ ಅಂದಾಗಲೇ ಹೊಳೆದದ್ದು. ನಮ್ಮ ಸಮುದಾಯದ ಕಲ್ಯಾಣ ಮಂಟಪ ಆ ಅಂಗಡಿಯಿಂದ ಎರಡು ರಸ್ತೆ ಆಚೆ. ಧನುರ್ಮಾಸವಿಡೀ ಬೀಗ. ಊಟದ ಹಾಲಿನಲ್ಲಿ ಮುನ್ನೂರು ಜನ ಮಲಗಬಹುದು, ಸಾಲಾಗಿ ಶೌಚಾಲಯ, ಬೋರ್‌ವೆಲ್ ನೀರು. ಮದುವೆ ಇರುವಾಗ ಅಲ್ಲಿ ಬಡಿಸಿದವರೇ, ಮದುವೆ ಇಲ್ಲದ ತಿಂಗಳು ಅದರ ಆಚೆ ನೆಲ ಹುಡುಕುತ್ತಾರೆ. ಶುಕ್ರವಾರ ಕಾರ್ಯದರ್ಶಿಗಳಿಗೆ ಫೋನ್ ಮಾಡಿದೆ. ಬರೀ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ, ಇದೊಂದು ತಿಂಗಳು, ವಾಚ್‌ಮನ್ ಹೇಗೂ ಇದ್ದಾನೆ ಎಂದೆಲ್ಲ ಹೇಳಿದೆ. ಅವರು ಸಮಾಧಾನದಿಂದ ಪೂರ್ತಿ ಕೇಳಿಸಿಕೊಂಡರು.

"ಒಳ್ಳೇ ಯೋಚನೆ ರಾಯರೇ. ಸಂಕ್ರಾಂತಿ ಒಂದು ಕಳೀಲಿ, ಕಮಿಟಿ ಮುಂದೆ ಇಡೋಣ."

ಸಂಕ್ರಾಂತಿ ಕಳೆದರೆ ಮುಹೂರ್ತಗಳು ಶುರು. ಮಾರ್ಚ್‌ವರೆಗೆ ಹಾಲು ಬುಕ್ ಆಗಿದೆಯಂತೆ.