ಹಾಡು ಬಲ್ಲವರಿಗೆ ಮಾತಿನ ಪಾಠ

ದಾವಣಗೆರೆಯಲ್ಲಿ ರಂಗಗೀತೆ ಕಲಿಸುವುದು ನನ್ನ ಕೆಲಸ. ಸುತ್ತಲಿನ ಹಳ್ಳಿಗಳ ಪೌರಾಣಿಕ ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತೇನೆ, ಪಾತ್ರಧಾರಿಗಳಿಗೆ ಮಾತೂ ಹೇಳಿಕೊಡುತ್ತೇನೆ. ಬೇಸಿಗೆ ಬಂತೆಂದರೆ ಬೇರೆ ಬಗೆಯ ವಿದ್ಯಾರ್ಥಿಗಳು ಬರುತ್ತಾರೆ. ಹೆಗ್ಗೋಡಿನ ನೀನಾಸಂ, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ರಂಗಶಾಲೆ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗಳಿಗೆ ಅರ್ಜಿ ಹಾಕಿದವರು ಅವರು. ನಟಿ ಚಿಂದೋಡಿ ಲೀಲಾ ಅವರ ನಾಟಕ ಕಂಪನಿ ಬೆಳೆದ ಊರಿದು, ಹಾಡು ಇಲ್ಲಿನ ಮಕ್ಕಳ ಕಿವಿಗೆ ಹೊಸತಲ್ಲ. ಬಂದವರೆಲ್ಲ ಮೊದಲು ಕೇಳುವುದು, "ಮಾಸ್ತರೇ, ಸಂದರ್ಶನಕ್ಕೆ ಯಾವ ಹಾಡು ಹಾಡಲಿ?"

ಹಾಡಿನ ಆಯ್ಕೆಗೆ ನನಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಪಾತ್ರ ಯಾರನ್ನೋ ಏನನ್ನೋ ಬೇಡುವ, ಕೇಳುವ ಹಾಡಿರಲಿ. ಉದ್ದನೆಯ ಆಲಾಪ ಬೇಡ. ಹಾರ್ಮೋನಿಯಂ ಇಲ್ಲದೆ ಎತ್ತಿಕೊಳ್ಳಬಹುದಾದ ಶ್ರುತಿ, ರಂಗದ ಮೇಲಿನದಕ್ಕಿಂತ ಒಂದು ಮನೆ (ಹಾರ್ಮೋನಿಯಂನ ಒಂದು ಕೀಲಿ) ಕೆಳಗಾದರೂ ಸರಿ. ಇಷ್ಟು ಸಾಕು. ಕಷ್ಟವಿರುವುದು ಮಾತಿನಲ್ಲಿ.

ಕಂಪನಿ ನಾಟಕದಲ್ಲಿ ಮೈಕು ಮೇಲಿನಿಂದ ಇಳಿಬಿಟ್ಟಿರುತ್ತದೆ. ನಟ ಅದರ ಕೆಳಗೆ ನಿಂತು ಜನರ ಕಡೆಗೆ ಮುಖ ಮಾಡಲೇಬೇಕು. ಗಂಡ ಹೆಂಡತಿ ಜಗಳವಾಡುವಾಗಲೂ ಮಾತು ಸಭೆಗೇ ಹೋಗುತ್ತದೆ. ಹಾಡು ಬರುವ ಮುಂಚಿನ ಮಾತು ಶ್ರುತಿಗೆ ಬಂದು ನಿಲ್ಲಬೇಕು. ಅದು ಆ ರಂಗಭೂಮಿಯ ಶಿಸ್ತು, ಸಾವಿರಾರು ಜನರಿಗೆ ಕೇಳಿಸಲು ಹುಟ್ಟಿದ್ದು. ಅದೇ ಅಭ್ಯಾಸವನ್ನು ನಾಲ್ಕು ಜನ ಕುಳಿತ ಕೋಣೆಗೆ ಒಯ್ದರೆ ಪಾತ್ರ ಕಾಣುವುದಿಲ್ಲ, ಗಂಟಲಷ್ಟೇ ಕೇಳಿಸುತ್ತದೆ.

ಹರಿಹರದಿಂದ ಬರುತ್ತಿದ್ದ ಹುಡುಗಿಯೊಬ್ಬಳು ರಾಣಿಯ ಪಾತ್ರಗಳಲ್ಲಿ ಪಳಗಿದವಳು. "ನನ್ನ ಮಗು ಎಲ್ಲಿ?" ಎಂಬ ಮಾತನ್ನು ಹೇಗೆ ಹೇಳಿದರೂ "ಎಲ್ಲಿ" ಎಂಬುದು ಷಡ್ಜಕ್ಕೇ, ಅಂದರೆ ಹಾಡಿನ ಆಧಾರ ಸ್ವರವಾದ "ಸ"ಕ್ಕೇ ಬಂದು ಕೂರುತ್ತಿತ್ತು, ಬಲಗೈ ತಾನಾಗಿ ಮೇಲೇಳುತ್ತಿತ್ತು. ಕೈ ಏಳಿಸಬೇಡ ಎಂದರೆ ಮೈಯೆಲ್ಲ ಬಿಗಿಯಾಗುತ್ತಿತ್ತು. ಹಾರ್ಮೋನಿಯಂ ಮುಚ್ಚುವ ಬಟ್ಟೆಯನ್ನು ಅವಳ ಕೈಗೆ ಕೊಟ್ಟೆ. ಅದನ್ನು ಮಡಚುತ್ತಾ ಎದುರಿಗೆ ಕುಳಿತ ಗೆಳತಿಯನ್ನು ಕೇಳು, ಉತ್ತರ ಬರುವ ತನಕ ಮುಂದಿನ ಮಾತಿಗೆ ಹೋಗಬೇಡ ಎಂದೆ. ಗೆಳತಿಗೆ ಸುಮ್ಮನಿರಲು ಹೇಳಿದ್ದೆ. ಎರಡನೆಯ ಮಡಿಕೆಗೆ ಕೈ ನಿಂತಿತು. ಅವಳು ತಲೆಯೆತ್ತಿ ಮತ್ತೊಮ್ಮೆ ಕೇಳಿದಳು, ಈ ಸಲ ಸಣ್ಣ ದನಿಯಲ್ಲಿ. ಅದರಲ್ಲಿ ಸ್ವರವಿರಲಿಲ್ಲ, ಭಯವಿತ್ತು. ಮುಂದಿನ ಉದ್ದ ವಾಕ್ಯವನ್ನು ಎಲ್ಲಿಯೂ ಮುರಿಯದೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಆ ಉಸಿರನ್ನು ಅವಳಿಗೆ ಕೊಟ್ಟದ್ದು ಹಾಡೇ.

ಅಂದಿನಿಂದ ನಾನು ಎಲ್ಲರಿಂದಲೂ ಮೊದಲು ಹಾಡಿನ ಸಾಹಿತ್ಯವನ್ನು ಮಾತಾಗಿ ಹೇಳಿಸುತ್ತೇನೆ. ಯಾರಿಗೆ ಹೇಳುತ್ತಿದ್ದೀಯ, ಯಾಕೆ ಹೇಳುತ್ತಿದ್ದೀಯ ಎಂಬುದು ತಿಳಿದ ಮೇಲೆಯೇ ರಾಗ. ಆಮೇಲೆ ಗದ್ಯದ ಆಧುನಿಕ ನಾಟಕವೊಂದನ್ನು ಪೂರ್ತಿ ಓದಿಸಿ, ಅದರಿಂದ ಒಂದು ತುಣುಕು ಮಾಡಿಸುತ್ತೇನೆ. ಸಂದರ್ಶನದಲ್ಲಿ ಕಲಿತದ್ದನ್ನು ಸ್ಥಳದಲ್ಲೇ ಬೇರೆ ರೀತಿ ಮಾಡು ಎಂದರೆ ಹಾಡುವ ಮಕ್ಕಳು ತಡವರಿಸುತ್ತಾರೆ, ತಾಳ ತಪ್ಪಿದಂತೆ ಅವರಿಗೆ ಅನಿಸುತ್ತದೆ. ಹೀಗಾಗಿ ಒಂದೇ ತುಣುಕನ್ನು ಓಡುತ್ತಾ, ಪಿಸುಗುಟ್ಟುತ್ತಾ, ಬೆನ್ನು ತಿರುಗಿಸಿ ಹೇಳಿಸುತ್ತೇನೆ.

ಕೆಲವರು ಕಂಪನಿ ನಾಟಕದ ಹಿನ್ನೆಲೆಯನ್ನೇ ಮುಚ್ಚಿಡಲು ನೋಡುತ್ತಾರೆ. ಅವರಿಗೆ ರಂಗನಿರ್ದೇಶಕ ಬಿ.ವಿ. ಕಾರಂತರ ವಿಷಯ ಹೇಳುತ್ತೇನೆ. ಹುಡುಗನಾಗಿ ಗುಬ್ಬಿ ವೀರಣ್ಣನವರ ನಾಟಕ ಕಂಪನಿ ಸೇರಿದವರು ಅವರು. ವೀರಣ್ಣನವರೇ ಅವರನ್ನು ಓದಲು ಬನಾರಸಿಗೆ ಕಳಿಸಿದರು. ಅಲ್ಲಿಂದ ರಾಷ್ಟ್ರೀಯ ನಾಟಕ ಶಾಲೆಗೆ ಹೋಗಿ ಕಲಿತು, ಮುಂದೆ ಅದೇ ಶಾಲೆಯ ನಿರ್ದೇಶಕರಾದರು. 1989ರಲ್ಲಿ ಮೈಸೂರಿನ ರಂಗಾಯಣ ಎಂಬ ನಾಟಕ ಸಂಸ್ಥೆ ಕಟ್ಟುವಾಗಲೂ ಹಾಡು ಅವರ ಜೊತೆಗಿತ್ತು.

ದೆಹಲಿಯ ಮೂರು ವರ್ಷದ ಕೋರ್ಸಿಗೆ ಹೋಗುವವರಿಗೆ ಪದವಿ ಬೇಕು, ನಾಟಕಗಳಲ್ಲಿ ಅಭಿನಯಿಸಿದ ಅನುಭವ ಬೇಕು, ಹಿಂದಿ ಮತ್ತು ಇಂಗ್ಲಿಷಿನ ತಿಳಿವಳಿಕೆಯೂ ಬೇಕು. ಹಿಂದಿಯ ಮಾತನ್ನು ಕೊನೆಯ ವಾರಕ್ಕೆ ಉಳಿಸಿಕೊಳ್ಳಬೇಡಿ. ನಿಮ್ಮ ಅಭಿನಯದ ಅನುಭವಕ್ಕೆ ಸಾಕ್ಷಿಯಾದ ಊರ ನಾಟಕದ ಕರಪತ್ರಗಳನ್ನು ಎಸೆಯಬೇಡಿ. ಪಾತ್ರದ ಮುಂದೆ ನಿಮ್ಮ ಹೆಸರು ಅಚ್ಚಾಗಿರುವುದು ಹಲವು ಸಲ ಅವುಗಳಲ್ಲಿ ಮಾತ್ರ.